ಹೊಟ್ಟೆ ತೆರೆದ ಮೇಲೂ ಸ್ಕ್ಯಾನ್ ಯಾಕೆ?

ಹೋದ ಮಳೆಗಾಲ ಮಡಿಕೇರಿಯಲ್ಲಿ ಆಡಿದ ಮಾತು ಇದು. ಅರವತ್ತು ಸ್ಲೈಡು ಮಾಡಿಕೊಂಡು ಹೋಗಿದ್ದೆ. ಹತ್ತು ತೋರಿಸುವಷ್ಟರಲ್ಲಿ ಕರೆಂಟ್ ಹೋಯಿತು. ಜುಲೈ ತಿಂಗಳ ಮಡಿಕೇರಿಯಲ್ಲಿ ಸ್ಲೈಡು ನಂಬಿಕೊಂಡದ್ದು ನನ್ನದೇ ತಪ್ಪು. ಉಳಿದದ್ದನ್ನು ಎಮರ್ಜೆನ್ಸಿ ಲೈಟಿನ ಬೆಳಕಿನಲ್ಲಿ, ಒಂದು ಗ್ಲೌಸು, ಒಂದು ಚೊಂಬು ನೀರು ಮುಂದಿಟ್ಟುಕೊಂಡು ಹೇಳಿದೆ. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ನಡುವೆ ಕೇಳಿದ ಪ್ರಶ್ನೆಗಳನ್ನು ಬಂದ ಜಾಗದಲ್ಲೇ ಬಿಟ್ಟಿದ್ದೇನೆ.

ನಾನು ರೇಡಿಯಾಲಜಿಸ್ಟ್, ಅಂದರೆ ಸ್ಕ್ಯಾನಿಂಗ್ ಡಾಕ್ಟ್ರು. ಕತ್ತಲೆ ಕೋಣೆಯಲ್ಲಿ ಕೂತು ಜನರ ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚುವ ಕೆಲಸ. ಊರಿಗೆ ಬಂದಾಗ ‘ನೀವು ಯಾವುದರ ಡಾಕ್ಟ್ರು?’ ಅಂತ ಕೇಳಿದವರು, ಉತ್ತರ ಕೇಳಿ ‘ಓ, ಬಸುರಿಯರಿಗೆ ಮಾಡ್ತಾರಲ್ಲ, ಅದಾ?’ ಅನ್ನುತ್ತಾರೆ. ಅದೂ ಹೌದು. ಆದರೆ ಆಗಾಗ ನನ್ನನ್ನು ಆಪರೇಷನ್ ಥಿಯೇಟರಿಗೆ ಕರೆಯುತ್ತಾರೆ. ಕೈ ತೊಳೆದು, ಗೌನ್ ತೊಟ್ಟು, ಸರ್ಜನ್ ಪಕ್ಕದಲ್ಲಿ ನಿಂತು, ತೆರೆದ ಹೊಟ್ಟೆಯೊಳಗೆ ಲಿವರಿನ ಮೈಮೇಲೆಯೇ ಪ್ರೋಬ್, ಅಂದರೆ ಸ್ಕ್ಯಾನ್ ಮಷಿನ್ನಿನ ಕೈಯಲ್ಲಿ ಹಿಡಿಯುವ ತುದಿ, ಇಡುತ್ತೇನೆ. ಇವತ್ತಿನ ಮಾತು ಅದರ ಬಗ್ಗೆ.

ಕೆಲವು ವರ್ಷದ ಹಿಂದೆ ದಕ್ಷಿಣ ಕೊಡಗಿನ ಕಾಫಿ ತೋಟವೊಂದರ ರೈಟರ್ (ತೋಟದ ಲೆಕ್ಕ ಬರೆಯುವವರು) ಒಬ್ಬರು ನಾನಿದ್ದ ಆಸ್ಪತ್ರೆಗೆ ಬಂದಿದ್ದರು. ದೊಡ್ಡ ಕರುಳಿನ ಕ್ಯಾನ್ಸರಿಗೆ ಆಪರೇಷನ್ ಆಗಿ ವರ್ಷ ದಾಟಿತ್ತು. ಈಗ ಲಿವರಿನಲ್ಲಿ ಮೂರು ಗಂಟು. ಸಿ.ಟಿ. ಆಗಿತ್ತು, ಎಂ.ಆರ್.ಐ. ಆಗಿತ್ತು, ಪೆಟ್ ಸ್ಕ್ಯಾನೂ ಆಗಿತ್ತು. ಒಪ್ಪಿಗೆ ಪತ್ರ ಓದಿ ಹೇಳುವಾಗ, ‘ಹೊಟ್ಟೆ ತೆರೆದ ಮೇಲೆ ಲಿವರಿನ ಮೇಲೆ ಇನ್ನೊಂದು ಸ್ಕ್ಯಾನ್ ಮಾಡುತ್ತೇವೆ’ ಅಂದೆ. ಅವರ ಹೆಂಡತಿ ಅಷ್ಟು ಹೊತ್ತೂ ಫೈಲು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದವರು, ತಲೆ ಎತ್ತಿ ಕೇಳಿದರು: ‘ಅಲ್ಲ ಮೇಡಂ, ಹೊಟ್ಟೆ ತೆರೆದ ಮೇಲೆ ಕಣ್ಣಿಗೇ ಕಾಣುತ್ತಲ್ಲ? ಆಮೇಲೂ ಸ್ಕ್ಯಾನ್ ಯಾಕೆ? ಬಿಲ್ಲಿಗಾ?’

ಆವತ್ತು ಎರಡು ನಿಮಿಷದಲ್ಲಿ ಏನೋ ಹೇಳಿ ಸಹಿ ಹಾಕಿಸಿಕೊಂಡೆ. ಬಿಲ್ಲಿನಲ್ಲಿ ಅದಕ್ಕೆ ಒಂದು ಸಾಲು ಇತ್ತು, ಸುಳ್ಳು ಹೇಳಬಾರದು. ಆದರೆ ಪ್ರಶ್ನೆ ತಲೆಯಲ್ಲಿ ಉಳಿಯಿತು. ಇವತ್ತು ನೀವು ಒಂದು ಗಂಟೆ ಕೊಟ್ಟಿದ್ದೀರಿ, ಸರಿಯಾಗಿ ಉತ್ತರ ಹೇಳುತ್ತೇನೆ.

ಇದು ಕೊಡಗು, ಲಿವರ್ ಹೇಗಿರುತ್ತದೆ ಅಂತ ನಿಮಗೆ ವಿವರಿಸಬೇಕಾಗಿಲ್ಲ. ಮಟನ್ ಅಂಗಡಿಯಲ್ಲಿ ನೋಡಿದ್ದೀರಿ. ಹೊರಗೆ ನುಣ್ಣಗೆ, ಕಂದುಗೆಂಪು, ಎಲ್ಲಿ ನೋಡಿದರೂ ಒಂದೇ ತರಹ. ಚಾಕು ಹಾಕಿದ ಮೇಲೆ, ಕತ್ತರಿಸಿದ ಮುಖದಲ್ಲಿ ಅಲ್ಲಲ್ಲಿ ತೂತು ಕಾಣುತ್ತದೆ. ಆ ತೂತುಗಳೇ ಎಲ್ಲ ಕತೆ. ಮನುಷ್ಯನ ಲಿವರ್ ಸುಮಾರು ಒಂದೂವರೆ ಕಿಲೋ. ಅದರೊಳಗೆ ನಿಮಿಷಕ್ಕೆ ಹತ್ತಿರ ಹತ್ತಿರ ಒಂದೂವರೆ ಲೀಟರ್ ರಕ್ತ ಹರಿಯುತ್ತದೆ. ಹೊರಗಿನಿಂದ ನೋಡಿದರೆ ಅಷ್ಟು ದೊಡ್ಡ ಹರಿವಿನ ಒಂದು ಗುರುತೂ ಇಲ್ಲ. ಭಾಗಮಂಡಲದಲ್ಲಿ ಕಾವೇರಿ, ಕನ್ನಿಕೆ ಕಣ್ಣಿಗೆ ಕಾಣುತ್ತವೆ, ಸುಜ್ಯೋತಿ ಗುಪ್ತಗಾಮಿನಿ ಅನ್ನುತ್ತೇವಲ್ಲ. ಲಿವರಿನಲ್ಲಿ ಎಲ್ಲವೂ ಸುಜ್ಯೋತಿಯೇ.

ಕಾವೇರಿಯ ಮಾತು ಬಂತು, ಅದನ್ನೇ ಹಿಡಿದು ಹೋಗೋಣ. ಹೊಳೆಗೆ ಮೊದಲು ಹತ್ತಾರು ಉಪನದಿ ಸೇರುತ್ತವೆ: ಹಾರಂಗಿ, ಲಕ್ಷ್ಮಣತೀರ್ಥ, ಹೇಮಾವತಿ. ಆಮೇಲೆ ಕಟ್ಟೆ ಕಟ್ಟಿದಲ್ಲಿ ಅದೇ ನೀರು ನಾಲೆ, ಉಪನಾಲೆ, ತೂಬುಗಳಾಗಿ ಒಡೆದು ಗದ್ದೆಗೆ ಹೋಗುತ್ತದೆ. ನಮ್ಮ ಹೊಟ್ಟೆಯಲ್ಲಿ ಇಂಥದ್ದೇ ಒಂದು ನಾಳ ಇದೆ, ಪೋರ್ಟಲ್ ಅಭಿಧಮನಿ. ಜಠರ, ಕರುಳು, ಗುಲ್ಮಗಳಿಂದ ಸಣ್ಣ ಸಣ್ಣ ತೊರೆ ಕೂಡಿ ದೊಡ್ಡದಾಗಿ ಲಿವರಿಗೆ ಬರುತ್ತದೆ. ಒಳಗೆ ಹೋಗಿ ಮತ್ತೆ ನಾಲೆಯ ಹಾಗೆ ಒಡೆಯುತ್ತದೆ. ಲಿವರಿಗೆ ಸಿಗುವ ರಕ್ತದಲ್ಲಿ ಮುಕ್ಕಾಲು ಭಾಗ ಇದರಿಂದಲೇ. ಉಳಿದ ಕಾಲು ಭಾಗ ಹೃದಯದ ಕಡೆಯಿಂದ ಬರುವ ಅಪಧಮನಿಯದು. ಬಳಸಿದ ನೀರು ಬಸಿದು ಹೋಗುವ ಕಾಲುವೆಗಳ ಹಾಗೆ ಮೂರು ದೊಡ್ಡ ಹೆಪ್ಯಾಟಿಕ್ ಅಭಿಧಮನಿಗಳು ಮೇಲ್ಗಡೆಯಿಂದ ರಕ್ತವನ್ನು ಹೊರಗೆ ಒಯ್ಯುತ್ತವೆ. ಕರುಳಿನ ಕ್ಯಾನ್ಸರ್ ಮೊದಲು ಲಿವರಿಗೇ ಯಾಕೆ ಹಬ್ಬುತ್ತದೆ ಅಂತ ಈಗ ಹೇಳಬೇಕಾಗಿಲ್ಲ. ಮೇಲಿನ ಹೊಳೆಯಲ್ಲಿ ಕಸ ಬಿದ್ದರೆ ಕೆಳಗಿನ ಗದ್ದೆಯಲ್ಲಿ ತಾನೇ ಸಿಗುವುದು.

ಈ ನಾಲೆಗಳು ಒಡೆಯುವುದಕ್ಕೆ ಒಂದು ಕ್ರಮವಿದೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಹಾಂಗ್‌ಕಾಂಗಿನಲ್ಲಿದ್ದ ಸ್ಕಾಟ್ಲೆಂಡಿನ ಡಾಕ್ಟರು ಜೇಮ್ಸ್ ಕ್ಯಾಂಟ್ಲಿ, ಲಿವರಿನ ಎಡ ಬಲ ಅಂತ ಹೊರಗೆ ಕಾಣುವ ಗೆರೆ ನಿಜವಾದ ಗಡಿ ಅಲ್ಲ ಎಂದು ತೋರಿಸಿದರು. ನಿಜವಾದ ಗಡಿ ಪಿತ್ತಕೋಶದಿಂದ ಹಿಂದಿನ ಮಹಾಭಿಧಮನಿಯವರೆಗೆ ಹೋಗುತ್ತದೆ, ಮೇಲೆ ಒಂದು ಗೀರೂ ಇಲ್ಲದೆ. ಆಮೇಲೆ 1957ರಲ್ಲಿ ಫ್ರಾನ್ಸಿನ ಕ್ಲೋದ್ ಕ್ವಿನೋ, ಪೋರ್ಟಲ್ ನಾಳ ಒಡೆಯುವ ರೀತಿ ನೋಡಿ ಇಡೀ ಲಿವರನ್ನು ಎಂಟು ಭಾಗ ಮಾಡಿದರು. ಒಂದೊಂದು ಭಾಗಕ್ಕೂ ತನ್ನದೇ ತೂಬು. ಒಂದನ್ನು ತೆಗೆದರೆ ಪಕ್ಕದ್ದು ಒಣಗಬೇಕಾಗಿಲ್ಲ. ಇವತ್ತು ಲಿವರ್ ಆಪರೇಷನ್ ಅಂತ ಏನು ಮಾಡುತ್ತೇವೋ ಅದೆಲ್ಲ ನಿಂತಿರುವುದು ಈ ಎಂಟು ಭಾಗದ ಮೇಲೆ. ಕಷ್ಟ ಒಂದೇ: ಆ ಭಾಗಗಳಿಗೆ ಬೇಲಿ ಇಲ್ಲ. ಸರ್ಜನ್ ಕಣ್ಣ ಮುಂದೆ ಇರುವುದು ಮಟನ್ ಅಂಗಡಿಯ ಅದೇ ನುಣ್ಣನೆಯ ಮೈ.

ಹಾಗಾಗಿ ಆ ಹೆಂಗಸಿನ ಪ್ರಶ್ನೆಗೆ ಮೊದಲ ಉತ್ತರ: ಹೊಟ್ಟೆ ತೆರೆದರೂ ಕಣ್ಣಿಗೆ ಏನೂ ಕಾಣುವುದಿಲ್ಲ, ಅಮ್ಮಾ.

ಇಲ್ಲಿ ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಕೇಳಿದರು: ‘ಸಿ.ಟಿ.ಯಲ್ಲಿ ಎಲ್ಲ ಕಾಣುತ್ತೆ ಅಂತಾರಲ್ಲ, ಆ ನಕ್ಷೆ ಹಿಡಿದು ಹೋದರಾಗದಾ?’

ನಕ್ಷೆ ತಪ್ಪು ಅಂತ ನಾನು ಹೇಳುವುದಿಲ್ಲ. ಅದನ್ನು ಓದುವುದೇ ನನ್ನ ಹೊಟ್ಟೆಪಾಡು. ಆದರೆ 2018ರ ಆಗಸ್ಟ್ ಆದ ಮೇಲೆ ಮಕ್ಕಂದೂರು, ಜೋಡುಪಾಲದ ಕಡೆ ಸರ್ವೆ ನಕ್ಷೆ ಹಿಡಿದು ತಮ್ಮ ತೋಟ ಹುಡುಕಿದವರು ಇಲ್ಲಿ ಇರಬಹುದು. ನಕ್ಷೆ ಸರಿಯಾಗೇ ಇತ್ತು, ನೆಲವೇ ಜಾಗ ಬಿಟ್ಟಿತ್ತು. ಸಿ.ಟಿ. ತೆಗೆಯುವಾಗ ರೋಗಿ ಉಸಿರು ಹಿಡಿದು ಮಲಗಿರುತ್ತಾರೆ, ಲಿವರ್ ತನ್ನ ಗೂಡಿನಲ್ಲಿರುತ್ತದೆ. ಆಪರೇಷನ್ನಿನಲ್ಲಿ ಅದನ್ನು ಹಿಡಿದಿಟ್ಟ ಪದರಗಳನ್ನೆಲ್ಲ ಬಿಡಿಸಿ, ಕೈಯಲ್ಲಿ ಹೊರಳಿಸಿ, ಎಡಕ್ಕೆ ತಿರುಗಿಸಿ ಇಟ್ಟಿರುತ್ತೇವೆ. ಕಲ್ಲಾದರೆ ಲೆಕ್ಕ ಸಿಗುತ್ತಿತ್ತು. ಇದು ಹಲಸಿನ ತೊಳೆಯ ಹಾಗೆ ಬಾಗುತ್ತದೆ, ಚಪ್ಪಟೆಯಾಗುತ್ತದೆ. ಜೊತೆಗೆ ಸಿ.ಟಿ. ಆದ ದಿನಕ್ಕೂ ಆಪರೇಷನ್ನಿನ ದಿನಕ್ಕೂ ನಡುವೆ ಎರಡು ಮೂರು ವಾರ ಕಳೆದಿರುತ್ತದೆ. ಕ್ಯಾನ್ಸರ್ ಆ ವಾರಗಳಲ್ಲಿ ರಜೆ ಹಾಕುವುದಿಲ್ಲ.

ಎರಡನೆಯದು ಶಬ್ದದ ಲೆಕ್ಕ. ನಾನು ಮಾಡುವ ಸ್ಕ್ಯಾನ್ ಅಲ್ಟ್ರಾಸೌಂಡ್: ಪ್ರೋಬ್ ಕಿವಿಗೆ ಕೇಳದ ಶಬ್ದ ಬಿಡುತ್ತದೆ, ತಿರುಗಿ ಬರುವ ಪ್ರತಿಧ್ವನಿಯಿಂದ ಪರದೆಯ ಮೇಲೆ ಚಿತ್ರ ಮೂಡುತ್ತದೆ. ಸ್ವಲ್ಪ ಗಣಿತ, ಬೇಗ ಮುಗಿಸುತ್ತೇನೆ. ನಮ್ಮ ಕಿವಿಗೆ ಕೇಳುವುದು ಸೆಕೆಂಡಿಗೆ 20 ಸಾವಿರ ಕಂಪನದವರೆಗೆ. ಹೊಟ್ಟೆಯ ಮೇಲಿಂದ ಮಾಡುವ ಸ್ಕ್ಯಾನಿಗೆ ಸಾಮಾನ್ಯವಾಗಿ 35 ಲಕ್ಷದ ಆಸುಪಾಸಿನ ಕಂಪನ ಬಳಸುತ್ತೇವೆ. ಮೈಯ ಮೆತ್ತನೆಯ ಭಾಗದಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1540 ಮೀಟರ್ ಓಡುತ್ತದೆ. ಭಾಗಿಸಿ ನೋಡಿ, ಒಂದು ಅಲೆಯ ಉದ್ದ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಕಡಿಮೆ. ಅಲೆ ಸಣ್ಣದಾದಷ್ಟೂ ಚಿತ್ರ ಸ್ಪಷ್ಟ. ಹಾಗಿದ್ದರೆ ಇನ್ನೂ ಹೆಚ್ಚಿನ ಕಂಪನ ಯಾಕೆ ಬಳಸುವುದಿಲ್ಲ? ಅದಕ್ಕೆ ಉತ್ತರ ನಮ್ಮ ವಾಲಗದಲ್ಲೇ ಇದೆ. ಗುಡ್ಡದಾಚೆಯ ಮದುವೆ ಮನೆಯಿಂದ ಡೋಲಿನ ಗುದ್ದು ಮಾತ್ರ ಕೇಳುತ್ತದೆ. ತಾಳದ ಕಿಣಿಕಿಣಿ ಕೇಳಬೇಕಾದರೆ ಅಂಗಳಕ್ಕೇ ಹೋಗಬೇಕು. ಹೆಚ್ಚು ಕಂಪನದ ಶಬ್ದ ಬೇಗ ಸೊರಗುತ್ತದೆ, ಆಳಕ್ಕೆ ಇಳಿಯುವುದಿಲ್ಲ. ಚರ್ಮ, ಕೊಬ್ಬು, ಪಕ್ಕೆಲುಬು, ಕರುಳಿನ ಗಾಳಿ ಎಲ್ಲ ದಾಟಿ ಲಿವರಿಗೆ ಹೋಗಬೇಕಾದರೆ ಡೋಲೇ ಗತಿ. ಹೊಟ್ಟೆ ತೆರೆದ ಮೇಲೆ ನಾನು ಅಂಗಳದಲ್ಲೇ ನಿಂತಿದ್ದೇನೆ. 50 ಲಕ್ಷದಿಂದ ಒಂದು ಕೋಟಿ ಕಂಪನದ ಪ್ರೋಬನ್ನು ನೇರ ಲಿವರಿಗೇ ಮುಟ್ಟಿಸಬಹುದು. 75 ಲಕ್ಷದಲ್ಲಿ ಅಲೆಯ ಉದ್ದ 0.2 ಮಿಲಿಮೀಟರ್. ಹೊರಗಿನಿಂದ ಯಾರಿಗೂ ಕಾಣದ 4-5 ಮಿಲಿಮೀಟರಿನ ಗಂಟು, ಅಂದರೆ ಒಂದು ಕರಿಮೆಣಸಿನ ಕಾಳಿನಷ್ಟು, ಆಗ ಕಾಣುತ್ತದೆ.

ಇಲ್ಲಿಗೆ ಕರೆಂಟ್ ಹೋಯಿತು. ನಾಳಗಳ ಬಣ್ಣದ ಸ್ಲೈಡುಗಳೆಲ್ಲ ಅಲ್ಲಿಗೆ ಮುಗಿದವು.

ಕೆಲಸ ಹೇಗೆ ನಡೆಯುತ್ತದೆ, ಕತ್ತಲಲ್ಲೇ ಹೇಳುತ್ತೇನೆ. ಪ್ರೋಬ್ ಬೆರಳುಗಳ ನಡುವೆ ಹಿಡಿಯುವಷ್ಟು ಸಣ್ಣದು, ಟಿ ಅಕ್ಷರದ ಆಕಾರದ್ದೂ ಉಂಟು. ಅದಕ್ಕೆ ಉದ್ದನೆಯ ಶುದ್ಧ ಪ್ಲಾಸ್ಟಿಕ್ ಚೀಲ ತೊಡಿಸುತ್ತೇವೆ, ವೈರೂ ಒಳಗೆ. ಲಿವರಿನ ಮೈ ಒದ್ದೆಯಾಗಿರುವುದರಿಂದ ಜೆಲ್ ಬೇಕಾಗಿಲ್ಲ. ಮೊದಲು ಗಂಟು ಹುಡುಕುವುದಿಲ್ಲ, ಅದು ಕಲಿಯುವವರು ಮಾಡುವ ತಪ್ಪು. ಮೊದಲು ನಾಳ ಹಿಡಿಯಬೇಕು. ಪೋರ್ಟಲ್ ನಾಳಕ್ಕೆ ದಪ್ಪ ಗೋಡೆ, ಎರಡು ಬಿಳಿ ಗೆರೆಯ ನಡುವೆ ಕಪ್ಪು ಹರಿವಿನ ಹಾಗೆ ಕಾಣುತ್ತದೆ. ಹೆಪ್ಯಾಟಿಕ್ ಅಭಿಧಮನಿಗೆ ಗೋಡೆ ಇದ್ದೂ ಇಲ್ಲದ ಹಾಗೆ, ಬರೀ ಕಪ್ಪು ದಾರಿ. ಇವೆರಡನ್ನೂ ಬುಡದಿಂದ ಕವಲಿನವರೆಗೆ ಹಿಂಬಾಲಿಸಿ ಎಂಟು ಭಾಗದ ಗಡಿ ತಲೆಯಲ್ಲಿ ಹಾಕಿಕೊಳ್ಳಬೇಕು. ಆಮೇಲೆ ಗದ್ದೆ ಉಳುವ ಹಾಗೆ, ಒಂದು ಸಾಲು ಬಿಡದೆ, ಈ ಅಂಚಿನಿಂದ ಆ ಅಂಚಿಗೆ. ನೀರಿನ ಗುಳ್ಳೆಯಾದರೆ ಕಡುಕಪ್ಪಾಗಿ, ಹಿಂದೆ ಬೆಳಕು ಚೆಲ್ಲುತ್ತದೆ. ಹೆಮಾಂಜಿಯೋಮ ಎಂಬ ನಿರುಪದ್ರವಿ ರಕ್ತನಾಳದ ಗಂಟು ಸಾಮಾನ್ಯವಾಗಿ ಬೆಳ್ಳಗೆ. ಹಬ್ಬಿದ ಕ್ಯಾನ್ಸರಿನ ಗಂಟಿಗೆ ಎಷ್ಟೋ ಸಲ ಸುತ್ತ ಒಂದು ಕಪ್ಪು ಬಳೆ. ಕಾಫಿ ಬೀಜದ ಗ್ರೇಡಿಂಗ್ ಕಲಿತ ಹಾಗೆ ಇದೂ, ಸಾವಿರ ನೋಡಿದ ಮೇಲೆ ಕೈಗೆ ಹತ್ತುತ್ತದೆ.

ಈಗ ಗ್ಲೌಸಿನ ಕತೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬರಿಗೆ ಸ್ಕ್ಯಾನ್ ಮಾಡಿ ‘ಇದೊಂದೇ ಗಂಟು, ಬೇರೆ ಇಲ್ಲ’ ಅಂತ ಬೀಗಿಕೊಂಡು ಹೇಳಿದೆ. ಸರ್ಜನ್ ಏನೂ ಮಾತಾಡದೆ ಲಿವರಿನ ಮೇಲ್ಭಾಗಕ್ಕೆ ಕೈ ಹಾಕಿ ಸವರಿ, ನನ್ನ ಬೆರಳು ಹಿಡಿದು ಅಲ್ಲಿ ಇಟ್ಟರು. ಚರ್ಮದಡಿಯ ಬಟಾಣಿ ಕಾಳಿನ ಹಾಗೆ ಒಂದು ಗಡಸು. ‘ಡಾಕ್ಟ್ರೇ, ನಿಮ್ಮ ಮಷಿನ್‌ಗೆ ಕನ್ನಡಕ ಬೇಕಾ?’ ಅಂದರು. ನನಗೆ ಮುಖ ಬಿಸಿಯಾಯಿತು. ಆಗಿದ್ದು ಇಷ್ಟೇ: ಪ್ರೋಬಿನ ಮೂತಿಗೆ ತೀರಾ ಹತ್ತಿರ ಇರುವುದು ಅದಕ್ಕೆ ಕಾಣುವುದಿಲ್ಲ, ಪುಸ್ತಕ ಮೂಗಿಗೆ ಅಂಟಿಸಿ ಓದಿದ ಹಾಗೆ. ಲಿವರಿನ ಮೈಗೆ ಅಂಟಿಕೊಂಡ ಗಂಟು ಆ ಕುರುಡು ಜಾಗದಲ್ಲಿ ಕೂತಿತ್ತು. ಆಮೇಲೆ ಅವರೇ ಒಂದು ಶುದ್ಧ ಗ್ಲೌಸಿಗೆ ಸಲೈನ್ ತುಂಬಿ, ಕಟ್ಟಿ, ಲಿವರಿನ ಮೇಲಿಟ್ಟು, ಅದರ ಮೇಲೆ ಪ್ರೋಬ್ ಇಡಿಸಿದರು. ನೀರು ಶಬ್ದವನ್ನು ತಡೆಯುವುದಿಲ್ಲ, ಪ್ರೋಬಿಗೂ ಗಂಟಿಗೂ ನಡುವೆ ಒಂದೆರಡು ಸೆಂಟಿಮೀಟರ್ ದೂರ ಸಿಕ್ಕಿತು. ಬಟಾಣಿ ಪರದೆಯ ಮೇಲೆ ಬಂತು. (ಇಲ್ಲಿ ಚೊಂಬಿನ ನೀರು ಗ್ಲೌಸಿಗೆ ತುಂಬಿ ತೋರಿಸಿದೆ. ಮಕ್ಕಳು ಅದನ್ನು ಆಮೇಲೆ ಏನು ಮಾಡಿದರು ಅಂತ ಬರೆಯುವುದಿಲ್ಲ.) ಆವತ್ತಿನಿಂದ ‘ಬೇರೆ ಇಲ್ಲ’ ಅನ್ನುವ ಮೊದಲು ಸರ್ಜನ್ ಕೈ ಆಡಿಸಲಿ ಅಂತ ಕಾಯುತ್ತೇನೆ.

ಅರಾಬಿಕಾ ಬೆಳೆಯುವವರಿಗೆ ಇದು ಗೊತ್ತಿರುವ ವಿಷಯ. ಬಿಳಿ ಕಾಂಡಕೊರಕ ಹೊಕ್ಕ ಗಿಡ ಹುಡುಕುವಾಗ ಕಾಂಡಕ್ಕೆ ಕೈ ಸವರುತ್ತೀರಿ, ತೊಗಟೆಯಲ್ಲಿ ಏಣು ಎದ್ದಿದ್ದರೆ ಬೆರಳಿಗೆ ಗೊತ್ತಾಗುತ್ತದೆ. ನಡುಗಟ್ಟಿಗೆ ಇಳಿದ ಹುಳ ಬೆರಳಿಗೆ ಸಿಗುವುದಿಲ್ಲ. ಮೇಲಿನದಕ್ಕೆ ಬೆರಳು, ಆಳದ್ದಕ್ಕೆ ಪ್ರೋಬ್. ಸಿರೋಸಿಸ್ ಆದ ಲಿವರಿನಲ್ಲಂತೂ ಬೆರಳೂ ಸೋಲುತ್ತದೆ. ಮೈಯೆಲ್ಲ ಗಂಟುಗಂಟಾಗಿ ಗಟ್ಟಿಯಾಗಿರುತ್ತದೆ, ಯಾವುದು ಕ್ಯಾನ್ಸರು, ಯಾವುದು ಗಾಯದ ಕಲೆ ಅಂತ ಸವರಿ ಹೇಳಲು ಆಗುವುದಿಲ್ಲ.

ಈ ಸಿರೋಸಿಸ್ಸೇ ಈ ವಿದ್ಯೆ ಹುಟ್ಟಲು ಕಾರಣ ಅಂದರೂ ತಪ್ಪಿಲ್ಲ. ಜಪಾನಿನಲ್ಲಿ ಲಿವರ್ ಕ್ಯಾನ್ಸರಿನ ಬಹುಪಾಲು ರೋಗಿಗಳಿಗೆ ಹೆಪಟೈಟಿಸ್ ವೈರಸ್ಸಿನಿಂದ ಲಿವರ್ ಮೊದಲೇ ಹಾಳಾಗಿರುತ್ತಿತ್ತು. ಒಳ್ಳೆಯ ಲಿವರಾದರೆ ಕಾಲು ಭಾಗ ಉಳಿದರೂ ಮನುಷ್ಯ ಬದುಕುತ್ತಾನೆ. ಕೀಮೋ ಆದವರಿಗೆ ಶೇಕಡ 30 ಉಳಿಸಬೇಕು. ಸಿರೋಸಿಸ್ ಇದ್ದರೆ ಶೇಕಡ 40 ಆದರೂ ಬೇಕು. ಹಳೆಯ ರೀತಿಯಲ್ಲಿ ಬಲ ಅರ್ಧ ಪೂರ್ತಿ ತೆಗೆದರೆ ಗಂಟು ಹೋಗುತ್ತಿತ್ತು, ಹಿಂದೆಯೇ ಲಿವರ್ ಸೋತು ರೋಗಿಯೂ ಹೋಗುತ್ತಿದ್ದರು. ಸಣ್ಣ ತುಂಡು ಮಾತ್ರ ಕಿತ್ತರೆ ಇನ್ನೊಂದು ತೊಂದರೆ. ಲಿವರಿನದೇ ಕ್ಯಾನ್ಸರ್ ಪೋರ್ಟಲ್ ಕವಲಿನೊಳಗೆ ಹರಿದು, ಅದೇ ತೂಬಿನ ಕೆಳಗೆ ಮರಿ ಹಾಕುತ್ತದೆ. ಹಾಗಾಗಿ ಬೇಕಾದದ್ದು ಗಂಟು ಕೂತ ತೂಬಿನ ಗದ್ದೆ ಅಷ್ಟೇ, ಒಂದು ಅಂಗುಲ ಹೆಚ್ಚಲ್ಲ, ಕಡಿಮೆಯೂ ಅಲ್ಲ. ಆದರೆ ಗಡಿ ಕಾಣುವುದಿಲ್ಲವಲ್ಲ?

ಟೋಕಿಯೋದ ಮಸಾತೋಶಿ ಮಕೂಚಿ ಇದಕ್ಕೆ ಕಂಡುಕೊಂಡ ಉಪಾಯ ನನಗೆ ಈಗಲೂ ರೋಮಾಂಚನ. ಆಪರೇಷನ್ ನಡುವೆ ಲಿವರಿನ ಮೇಲೆ ಪ್ರೋಬ್ ಇಟ್ಟು, ಗಂಟಿಗೆ ರಕ್ತ ಒಯ್ಯುವ ಪೋರ್ಟಲ್ ಕವಲನ್ನು ಹುಡುಕಿ, ಪರದೆ ನೋಡುತ್ತಲೇ ಅದಕ್ಕೆ ಸೂಜಿ ಚುಚ್ಚಿ ನೀಲಿ ಬಣ್ಣ ಬಿಟ್ಟರು. ಒಂದು ತೂಬಿಗೆ ಬಣ್ಣ ಹಾಕಿದರೆ ಅದರ ಕೆಳಗಿನ ಗದ್ದೆಗಳು ಮಾತ್ರ ಬಣ್ಣವಾಗುವುದಿಲ್ಲವೇ? ಹಾಗೇ ಲಿವರಿನ ಮೈಮೇಲೆ ಆ ಒಂದು ತುಂಡು ಮಾತ್ರ ನೀಲಿಯಾಗಿ ಎದ್ದಿತು. ಬಣ್ಣ ತೊಳೆದುಹೋಗುವ ಮೊದಲು ಕರೆಂಟ್ ಕಡ್ಡಿಯಿಂದ ಅಂಚಿಗೆ ಗೆರೆ ಎಳೆದರು. ಯಾರಿಗೂ ಕಾಣದ ಬೇಲಿ ಕಂಡಿತು. 1980ರ ದಶಕದ ಮೊದಲ ವರ್ಷಗಳ ಕೆಲಸ ಇದು. 1985ರಲ್ಲಿ ಅಮೆರಿಕದ ಪತ್ರಿಕೆಯಲ್ಲಿ ಅಚ್ಚಾದ ಮೇಲೆ ಹೊರಗಿನ ಸರ್ಜನ್ನರಿಗೂ ತಿಳಿಯಿತು. ಅವರ ಬಳಿ ಕಲಿತ ಇಟಲಿಯ ಗೀಡೊ ಟೊರ್ಝಿಲ್ಲಿ ಅದನ್ನು ಇನ್ನೂ ಸರಳ ಮಾಡಿದರು. ಬಣ್ಣವೂ ಬೇಡ, ಸೂಜಿಯೂ ಬೇಡ. ಪರದೆ ನೋಡುತ್ತಾ ಲಿವರಿನ ಎರಡೂ ಕಡೆಯಿಂದ ಬೆರಳಿಟ್ಟು ಆ ಕವಲನ್ನು ಅದುಮಿ ಹಿಡಿದರೆ, ರಕ್ತ ನಿಂತ ಭಾಗ ಬಣ್ಣ ಕೆಡುತ್ತದೆ. ಗೆರೆ ಎಳೆದುಕೊಂಡು ಬೆರಳು ಬಿಟ್ಟರಾಯಿತು.

ನಾನು ಇವತ್ತು ಹೇಳಬೇಕೆಂದು ಬಂದದ್ದು ಇದನ್ನೇ. ಆಪರೇಷನ್ ನಡುವೆ ಸ್ಕ್ಯಾನ್ ಅಂದರೆ ಬಚ್ಚಿಟ್ಟುಕೊಂಡ ಗಂಟು ಹುಡುಕುವ ಯಂತ್ರ ಅಂತ ಜನ ತಿಳಿಯುತ್ತಾರೆ, ಪತ್ರಿಕೆಗಳೂ ಹಾಗೇ ಬರೆಯುತ್ತವೆ. ಅದೂ ಮಾಡುತ್ತದೆ. ಆದರೆ ಅದರ ದೊಡ್ಡ ಉಪಯೋಗ ಏನನ್ನು ಬಿಡಬಹುದು ಅಂತ ಹೇಳುವುದು. ನಮ್ಮಪ್ಪ ಕಾಫಿ ಗಿಡ ಕಪಾತು ಮಾಡಿಸುವಾಗ ಹೊಸ ಆಳಿಗೆ ಕತ್ತಿ ಕೊಡುತ್ತಿರಲಿಲ್ಲ. ಮೊದಲು ಗಿಡದ ಮುಂದೆ ನಿಲ್ಲಿಸಿ ‘ಯಾವ ರೆಕ್ಕೆ ಬಿಡ್ತೀಯ, ಹೇಳು’ ಅನ್ನುತ್ತಿದ್ದರು. ಯಾವುದು ಕಡಿಯುತ್ತೀಯ ಅಂತ ಕೇಳುತ್ತಿರಲಿಲ್ಲ.

ರೈಟರ್ ವಿಷಯಕ್ಕೆ ಬರುತ್ತೇನೆ. ಮೊದಲಿನ ಯೋಜನೆ ಅವರ ಲಿವರಿನ ಬಲ ಅರ್ಧ ಪೂರ್ತಿ ತೆಗೆಯುವುದು, ಎಡದಲ್ಲಿದ್ದ ಒಂದು ಸಣ್ಣ ಗಂಟನ್ನು ಬೇರೆಯಾಗಿ ಕೀಳುವುದು. ಸಿ.ಟಿ.ಯಲ್ಲಿ ಬಲಗಡೆಯ ದೊಡ್ಡ ಗಂಟು ದೊಡ್ಡ ಅಭಿಧಮನಿಗೆ ಅಂಟಿಕೊಂಡ ಹಾಗೆ ಕಂಡಿತ್ತು. ನೇರ ಪ್ರೋಬ್ ಇಟ್ಟು ನೋಡಿದರೆ ನಡುವೆ ತೆಳ್ಳನೆಯ ಒಳ್ಳೆಯ ಪದರ. ಉಸಿರಾಟದ ಜೊತೆ ಗಂಟು ಒಂದು ಕಡೆ, ನಾಳ ಒಂದು ಕಡೆ ಜಾರುತ್ತಿದ್ದದ್ದು ಕಾಣುತ್ತಿತ್ತು. ಅರಿವಳಿಕೆ ಡಾಕ್ಟರಿಗೆ ಸ್ವಲ್ಪ ಉಸಿರು ನಿಲ್ಲಿಸಿ ಅಂತ ಹೇಳಿ ಮತ್ತೆ ಅಳೆದೆವು. ನಾಳ ಉಳಿಸಬಹುದು ಅಂತಾಯಿತು. ಆದರೆ ಒಳ್ಳೆಯ ಸುದ್ದಿಯ ಜೊತೆ ಕೆಟ್ಟದ್ದೂ ಬಂತು: ಆಳದಲ್ಲಿ ಯಾವ ಸ್ಕ್ಯಾನಿನಲ್ಲೂ ಇಲ್ಲದ ನಾಲ್ಕನೇ ಗಂಟು, ಒಂದು ಸೆಂಟಿಮೀಟರಿಗೂ ಕಡಿಮೆ. ಮೇಜಿನ ಪಕ್ಕದಲ್ಲೇ ಲೆಕ್ಕ ಬದಲಾಯಿತು. ಬಲ ಅರ್ಧ ತೆಗೆಯಲಿಲ್ಲ. ಮೂರು ಗಂಟು ಮೂರು ತುಂಡಾಗಿ ಹೊರಗೆ ಬಂದವು, ಆಳದ್ದನ್ನು ಅಲ್ಲೇ ಸುಟ್ಟೆವು.

ಸುಡುವುದು ಅಂದರೆ ಸೂಜಿಯಿಂದ. ಪರದೆ ನೋಡುತ್ತಾ ಗಂಟಿನ ನಡುವಿಗೆ ಸೂಜಿ ಇಳಿಸಿ ರೇಡಿಯೋ ತರಂಗ ಅಥವಾ ಮೈಕ್ರೋವೇವ್ ಹಾಯಿಸುತ್ತೇವೆ. ಎರಡನೆಯದು ನಿಮ್ಮ ಅಡುಗೆಮನೆಯ ಓವನ್ನಿನಲ್ಲಿರುವುದೇ. 60 ಡಿಗ್ರಿ ದಾಟಿದರೆ ಜೀವಕೋಶ ಕ್ಷಣದಲ್ಲಿ ಸಾಯುತ್ತದೆ. ಬೇಯುವಾಗ ಏಳುವ ಸಣ್ಣ ಗುಳ್ಳೆಗಳು ಪರದೆಯ ಮೇಲೆ ಬಿಳಿ ಮಂಜಿನ ಹಾಗೆ ಹಬ್ಬುತ್ತವೆ, ಆಮೇಲೆ ಹಿಂದೇನಿದೆ ಅಂತ ಕಾಣುವುದಿಲ್ಲ. ಆದ್ದರಿಂದ ಸೂಜಿಯ ಗುರಿ ಮೊದಲೇ ಸರಿ ಇರಬೇಕು. 3 ಸೆಂಟಿಮೀಟರಿನೊಳಗಿನ ಗಂಟಿಗೆ ಇದು ಚೆನ್ನಾಗಿ ಆಗುತ್ತದೆ, ದೊಡ್ಡದಕ್ಕೆ ನನಗೆ ಅಷ್ಟು ನಂಬಿಕೆ ಇಲ್ಲ. ದೊಡ್ಡ ನಾಳದ ಪಕ್ಕ ಇದ್ದರೆ ಹರಿಯುವ ರಕ್ತ ಬಿಸಿಯನ್ನು ಕದ್ದೊಯ್ಯುತ್ತದೆ. ತೋಡಿನ ಅಂಚಿನಲ್ಲಿ ಒಲೆ ಹೂಡಿದ ಹಾಗೆ.

ಕತ್ತರಿಸುವಾಗಲೂ ಪ್ರೋಬ್ ಕೈಬಿಡುವುದಿಲ್ಲ. ಆಗಾಗ ಇಟ್ಟು, ಕತ್ತರಿಸಿದ ಗೆರೆ ಗಂಟಿನಿಂದ ಎಷ್ಟು ದೂರ ಅಂತ ನೋಡುತ್ತೇವೆ. ಕತ್ತರಿಸುವ ಸಲಕರಣೆಯೂ ಕೆಲವು ಕಡೆ ಶಬ್ದದ್ದೇ, ಸೆಕೆಂಡಿಗೆ 23 ಸಾವಿರ ಸಲ ನಡುಗುವ ಒಂದು ಟೊಳ್ಳು ತುದಿ. ಅದು ಮೆತ್ತನೆಯ ಲಿವರನ್ನು ಪುಡಿಮಾಡಿ ಹೀರುತ್ತದೆ, ನಾರುಳ್ಳ ನಾಳವನ್ನು ಹಾಗೇ ಬಿಡುತ್ತದೆ. ರಕ್ತ ಹೆಚ್ಚು ಹೋಗದ ಹಾಗೆ ಲಿವರಿನ ಬುಡದ ನಾಳಗಳನ್ನು 15 ನಿಮಿಷ ಅದುಮಿ, 5 ನಿಮಿಷ ಬಿಟ್ಟು, ಮತ್ತೆ ಅದುಮುತ್ತೇವೆ. ಬುಡ ಅದುಮುವ ಉಪಾಯ 1908ರಲ್ಲಿ ಬರೆದವರು ಗ್ಲಾಸ್ಗೋದ ಸರ್ಜನ್ ಪ್ರಿಂಗಲ್. ಹೊಟ್ಟೆಯ ಸ್ಕ್ಯಾನ್ 1958ರಲ್ಲಿ ಲೋಕಕ್ಕೆ ತೋರಿಸಿದ ಇಯಾನ್ ಡೊನಾಲ್ಡ್ ಕೂಡ ಗ್ಲಾಸ್ಗೋದಲ್ಲೇ ಕೆಲಸ ಮಾಡುತ್ತಿದ್ದವರು. ಲೋಹದಲ್ಲಿ ಬಿರುಕು ಹುಡುಕುವ ಕಾರ್ಖಾನೆಯ ಯಂತ್ರದಲ್ಲಿ ಮೊದಲ ಪ್ರಯೋಗ ಮಾಡಿದವರು. ಕ್ಯಾಂಟ್ಲಿಯೂ ಸ್ಕಾಟ್ಲೆಂಡಿನವರು ಅಂದೆನಲ್ಲ. ನಮ್ಮೂರಿಗೆ ಭಾರತದ ಸ್ಕಾಟ್ಲೆಂಡ್ ಅಂತ ಹೋಂಸ್ಟೇ ಬೋರ್ಡಿನಲ್ಲಿ ಬರೆಯುತ್ತೇವೆ, ಮಳೆಯಲ್ಲಿ ಮಾತ್ರ ಹೋಲಿಕೆ ಸಾಲದು.

ಕೊನೆಗೆ, ಹೊಟ್ಟೆ ಮುಚ್ಚುವ ಮೊದಲು, ಉಳಿದ ಲಿವರಿನಲ್ಲಿ ಹರಿವು ಸರಿ ಇದೆಯಾ ಅಂತ ಡಾಪ್ಲರ್ ಹಾಕಿ ನೋಡುತ್ತೇವೆ. ಪರದೆಯಲ್ಲಿ ಕೆಂಪು, ನೀಲಿ ಬರುತ್ತದೆ. ಅದು ಶುದ್ಧ ರಕ್ತ, ಅಶುದ್ಧ ರಕ್ತ ಅಲ್ಲ. ಪ್ರೋಬಿನ ಕಡೆಗೆ ಬರುತ್ತಿದೆಯೋ, ದೂರ ಹೋಗುತ್ತಿದೆಯೋ ಅನ್ನುವುದಕ್ಕೆ ಬಣ್ಣ. ನಾಳ ತಿರುಚಿ ಹರಿವು ನಿಂತಿದ್ದರೆ ಆಗಲೇ ಸರಿಪಡಿಸಬಹುದು.

ಎಲ್ಲ ಸಲ ಸುಖಾಂತ್ಯ ಇಲ್ಲ. ಪ್ರೋಬ್ ಇಟ್ಟ ಮೇಲೆ ಎರಡೂ ಕಡೆ ಹತ್ತಾರು ಗಂಟು ಕಂಡು, ಏನೂ ತೆಗೆಯದೆ ಹೊಟ್ಟೆ ಮುಚ್ಚಿದ ದಿನಗಳಿವೆ. ಹೊರಗೆ ಕಾಯುತ್ತಿರುವವರಿಗೆ ‘ಬೇಗ ಮುಗಿಯಿತು’ ಅಂತ ಖುಷಿಯಾಗಿರುತ್ತದೆ. ಆ ಬಾಗಿಲು ದಾಟುವುದು ಕಷ್ಟ. ಇನ್ನೊಂದು ತಲೆನೋವು, ಕೀಮೋ ಆದ ಮೇಲೆ ಸಿ.ಟಿ.ಯಲ್ಲಿ ಮಾಯವಾಗುವ ಗಂಟು. ಮನೆಯವರು ಹರಕೆ ತೀರಿಸಿ ಬಂದಿರುತ್ತಾರೆ. ಕಾಣುವುದಿಲ್ಲ ಅಂದರೆ ಇಲ್ಲ ಅಂತ ಅಲ್ಲ, ಎಷ್ಟೋ ಸಲ ಆ ಜಾಗದಲ್ಲಿ ಜೀವಂತ ಕೋಶ ಉಳಿದಿರುತ್ತವೆ. ಅಂಥ ಕಡೆ ಹಳೆಯ ಸಿ.ಟಿ. ಪಕ್ಕದಲ್ಲಿಟ್ಟುಕೊಂಡು, ಇಂಥ ಕವಲಿನಿಂದ ಇಷ್ಟು ದೂರ ಅಂತ ಹುಡುಕಬೇಕು. ಕೀಮೋದಿಂದಲೋ ಕೊಬ್ಬಿನಿಂದಲೋ ಲಿವರ್ ಬೆಳ್ಳಗಾಗಿದ್ದರೆ ಮಂಜಿನಲ್ಲಿ ಬಿಳಿ ಹಸು ಹುಡುಕಿದ ಹಾಗೆ.

ಪ್ರಶ್ನೆಗಳು ಬಹಳ ಬಂದವು. ಥಿಯೇಟರಿನ ಆ ಮಷಿನ್ನಿಗೂ ‘ಇಲ್ಲಿ ಲಿಂಗ ಪತ್ತೆ ಮಾಡುವುದಿಲ್ಲ’ ಬೋರ್ಡು ಬೇಕಾ ಅಂತ ಒಬ್ಬ ಹುಡುಗ ಕೇಳಿದ. ಎಲ್ಲರೂ ನಕ್ಕರು, ಆದರೆ ಪ್ರಶ್ನೆ ಸರಿಯಾಗಿದೆ: 1994ರ ಕಾಯ್ದೆಯ ಪ್ರಕಾರ ಭ್ರೂಣ ನೋಡಬಲ್ಲ ಯಾವ ಸ್ಕ್ಯಾನ್ ಯಂತ್ರಕ್ಕೂ ನೋಂದಣಿ ಬೇಕು, ಲಿವರಿಗೆ ಮಾತ್ರ ಬಳಸಿದರೂ ವಿನಾಯಿತಿ ಇಲ್ಲ. ಆಶಾ ಕಾರ್ಯಕರ್ತೆಯೊಬ್ಬರು ತಡೆಯುವ ಬಗ್ಗೆ ಕೇಳಿದರು. ಮಗು ಹುಟ್ಟಿದ 24 ಗಂಟೆಯೊಳಗೆ ಹಾಕುವ ಹೆಪಟೈಟಿಸ್ ಬಿ ಲಸಿಕೆ ಲಿವರ್ ಕ್ಯಾನ್ಸರನ್ನೇ ತಡೆಯುವ ಲಸಿಕೆ, ಅದನ್ನು ಹಾಕಿಸುವ ನೀವು ನನಗಿಂತ ದೊಡ್ಡ ಲಿವರ್ ಡಾಕ್ಟರು ಅಂದೆ. ಅದು ಉಪಚಾರದ ಮಾತಲ್ಲ. ಬೂಸ್ಟು ಹಿಡಿದ ಕಡಲೆಕಾಯಿ, ಜೋಳ ಎಸೆದುಬಿಡಿ, ನಮ್ಮ ಮಳೆಗಾಲದಲ್ಲಿ ಬೇಗ ಹಿಡಿಯುತ್ತದೆ, ಅದರ ವಿಷ ಲಿವರಿಗೇ. ಸಿರೋಸಿಸ್ ಇರುವವರು ಆರು ತಿಂಗಳಿಗೊಮ್ಮೆ ಹೊಟ್ಟೆ ಸ್ಕ್ಯಾನ್ ಮಾಡಿಸಿ. ಕುಡಿತದ ವಿಷಯ ಎತ್ತಿದಾಗ ಹಿಂದಿನ ಸಾಲಿನಲ್ಲಿ ಕೆಮ್ಮು ಶುರುವಾಯಿತು, ಹಾಗಾಗಿ ಅಲ್ಲಿ ಇನ್ನೂ ಐದು ನಿಮಿಷ ಹೆಚ್ಚು ನಿಂತೆ. ಕಾಫಿ? ಕಾಫಿ ಕುಡಿಯುವವರಲ್ಲಿ ಲಿವರ್ ಕ್ಯಾನ್ಸರ್ ಕಡಿಮೆ ಕಂಡುಬಂದಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2016ರಲ್ಲಿ ಹೇಳಿದೆ. ಇಡೀ ಸಭೆ ಚಪ್ಪಾಳೆ ತಟ್ಟಿದ್ದು ಇದೊಂದಕ್ಕೇ.

ರೈಟರ್ ಏನಾದರು ಅಂತ ಒಬ್ಬರು ಕೇಳಿದರು. ಎರಡು ವರ್ಷದ ಮೇಲೆ ಮತ್ತೊಂದು ಗಂಟು ಬಂತು. ಅರ್ಧ ಲಿವರ್ ಮೊದಲೇ ತೆಗೆದಿದ್ದರೆ ಎರಡನೇ ಆಪರೇಷನ್ನಿಗೆ ಜಾಗ ಇರುತ್ತಿತ್ತೋ ಇಲ್ಲವೋ. ಇತ್ತು, ಮಾಡಿದೆವು. ಈ ಸಲ ಒಪ್ಪಿಗೆ ಪತ್ರ ಓದುವಾಗ ಅವರ ಹೆಂಡತಿಯೇ ಕೇಳಿದರು: ‘ಒಳಗಿನ ಸ್ಕ್ಯಾನ್ ಮಾಡ್ತೀರಲ್ಲ?’

ಕೊನೆಯ ಪ್ರಶ್ನೆ ಪಿ.ಯು. ಹುಡುಗಿಯದು. ‘ಲಿವರ್ ಮತ್ತೆ ಬೆಳೆಯುತ್ತೆ ಅಂತಾರಲ್ಲ ಮೇಡಂ, ಕಪಾತು ಮಾಡಿದ ಗಿಡದ ಹಾಗೆ ಕಡಿದ ಜಾಗದಲ್ಲೇ ಚಿಗುರುತ್ತಾ?’ ಇಲ್ಲಮ್ಮ. ತೆಗೆದ ಭಾಗ ಮತ್ತೆ ಹುಟ್ಟುವುದಿಲ್ಲ, ಉಳಿದ ಭಾಗವೇ ಉಬ್ಬಿ ದೊಡ್ಡದಾಗಿ ಒಟ್ಟು ತೂಕ ಸರಿದೂಗಿಸುತ್ತದೆ. ಎಂಟರಲ್ಲಿ ನಾಲ್ಕು ತೆಗೆದರೆ ಉಳಿಯುವುದು ನಾಲ್ಕೇ, ಆದರೆ ದಪ್ಪನೆಯ ನಾಲ್ಕು. ಖಾಲಿ ಜಾಗಕ್ಕೆ ಅವು ಹೊರಳಿಕೊಳ್ಳುತ್ತವೆ, ನಾಳಗಳೂ ಜೊತೆಗೆ ತಿರುಗುತ್ತವೆ. ಅಂಥವರ ಹೊಟ್ಟೆಯ ಮೇಲೆ ವರ್ಷದ ನಂತರ ಪ್ರೋಬ್ ಇಟ್ಟರೆ ನನಗೇ ದಾರಿ ತಪ್ಪುತ್ತದೆ. ಎಡ ಎಲ್ಲಿ, ನಡು ಎಲ್ಲಿ ಅಂತ ಗೊತ್ತಾಗದೆ, ಪೋರ್ಟಲ್ ನಾಳದ ಬುಡಕ್ಕೆ ವಾಪಸು ಬಂದು ಅಲ್ಲಿಂದ ಒಂದೊಂದೇ ಕವಲು ಎಣಿಸಿಕೊಂಡು ಹೋಗುತ್ತೇನೆ.